ನಮ್ಮ ಕಡೆಯ ಕೆಂಪೇಗೌಡ

ಮಕ್ಕಳ ಅಂಕಪಟ್ಟಿಯಲ್ಲಿ ಈಗ ‘ನಾಯಕತ್ವ ಗುಣ’ ಎಂಬ ಒಂದು ಕಾಲಂ ಸೇರಿಕೊಂಡಿದೆ. ಅದರ ಮುಂದೆ ಎ, ಬಿ, ಸಿ ಎಂದು ಏನಾದರೊಂದು ಬರೆಯಬೇಕು. ತುಮಕೂರು ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನ ಕಲಿಸಿದ ನನಗೆ ಗಣಿತದ ಅಂಕ, ಕನ್ನಡದ ಅಂಕ ತುಂಬುವುದು ಎಂದೂ ಕಷ್ಟವಾಗಿರಲಿಲ್ಲ. ಈ ಕಾಲಮ್ಮಿಗೆ ಬಂದಾಗ ಮಾತ್ರ ಪೆನ್ನು ನಿಂತುಬಿಡುತ್ತಿತ್ತು. ಗಂಟಲು ದೊಡ್ಡದಿರುವ ಹುಡುಗನಿಗೆ ಎ. ಹಿಂದಿನ ಬೆಂಚಿನಲ್ಲಿ ಕೂತು ಪಕ್ಕದವಳಿಗೆ ಸದ್ದಿಲ್ಲದೆ ಲೆಕ್ಕ ಹೇಳಿಕೊಡುವ ಹುಡುಗಿಗೆ ಬಿ. ಬಹುಪಾಲು ಶಾಲೆಗಳಲ್ಲಿ ಇದು ಹೀಗೆಯೇ ನಡೆಯುತ್ತದೆ.

ತಂದೆತಾಯಿಗಳಿಗೂ ಈಗ ಅದೇ ಚಿಂತೆ. ‘ಸಾರ್, ಹುಡುಗ ಮಾರ್ಕ್ಸ್ ತೆಗೀತಾನೆ, ಆದರೆ ಲೀಡರ್‌ಶಿಪ್ ಸಾಲದು. ಯಾವುದಾದರೂ ಕ್ಯಾಂಪಿಗೆ ಸೇರಿಸೋಣವಾ?’ ಎಂದು ಕೇಳುವವರಿಗೆ ನಾನು ಹೇಳುವ ಉತ್ತರ ಒಂದೇ: ‘ಒಂದು ಭಾನುವಾರ ಹುಲಿಯೂರುದುರ್ಗಕ್ಕೆ ಕರಕೊಂಡು ಹೋಗಿ.’

‘ಅಲ್ಲೇನಿದೆ ಸಾರ್?’

‘ಕೆಂಪೇಗೌಡ ಇದ್ದಾನೆ.’

‘ಅವರು ಬೆಂಗಳೂರಿನವರಲ್ಲವಾ?’

ಇಲ್ಲಿಗೆ ಬಂದು ಮಾತು ನಿಲ್ಲುತ್ತದೆ. ಕುಣಿಗಲಿನಲ್ಲಿ ಹುಟ್ಟಿ ಬೆಳೆದವರೂ ಇದೇ ಪ್ರಶ್ನೆ ಕೇಳುತ್ತಾರೆ. ಕೆಂಪೇಗೌಡ ಎಂದರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ, ದೇವನಹಳ್ಳಿಯ ವಿಮಾನ ನಿಲ್ದಾಣ, ಅಲ್ಲಿನ 108 ಅಡಿಯ ಪ್ರತಿಮೆ. ನಮ್ಮ ಮಕ್ಕಳು ಕೆಲಸ ಹುಡುಕಿಕೊಂಡು ಆ ಊರಿಗೆ ಹೋದ ಹಾಗೆ, ಆ ಮನುಷ್ಯನನ್ನೂ ನಾವು ಅಲ್ಲಿಗೇ ಬಿಟ್ಟುಕೊಟ್ಟಿದ್ದೇವೆ.

(ಏಕವಚನ ಬಳಸುತ್ತಿದ್ದೇನೆಂದು ಯಾರೂ ನೊಂದುಕೊಳ್ಳಬಾರದು. ನಮ್ಮ ಕಡೆಯ ಹಳ್ಳಿಗಳಲ್ಲಿ ‘ಕೆಂಪೇಗೌಡ ಕಟ್ಟಿಸಿದ್ದು’ ಎಂದೇ ಹೇಳುವುದು. ರಾಮ, ಕೃಷ್ಣ ಎಂದು ಕರೆಯುವಾಗ ಇರುವ ಸಲಿಗೆಯೇ ಅದು.)

ಗುಬ್ಬಿಯಂಥ ಊರು ಇರುವ ಜಿಲ್ಲೆಯಲ್ಲಿ ಬೆಳೆದವರಿಗೆ ದೊರೆ ಎಂದರೆ ಹೇಗಿರಬೇಕು ಎಂಬ ಚಿತ್ರ ನಾಟಕದಿಂದ ಬಂದದ್ದು. 1884ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಕಂಪನಿ ವೀರಣ್ಣನವರ ಕೈಯಲ್ಲಿ ಎಷ್ಟು ಬೆಳೆಯಿತೆಂದರೆ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಜರಿಯ ಅಂಗಿ, ಕಿರೀಟ, ಸಿಂಹಾಸನ, ‘ಯಾರಲ್ಲಿ!’ ಎಂದರೆ ಓಡಿಬರುವ ಸೇವಕರು. ನಮ್ಮ ಸೀಮೆಯನ್ನು ನಿಜಕ್ಕೂ ಆಳಿದವರು ಇಂಥವರಲ್ಲ. ಅವರು ಗೌಡರು, ನಾಯಕರು, ಪಾಳೆಯಗಾರರು. ಗುಬ್ಬಿ ಪೇಟೆಯನ್ನೇ ನೋಡಿ. ಅದನ್ನು ನೆಲೆಗೊಳಿಸಿದವರು ಪಕ್ಕದ ಹೊಸಹಳ್ಳಿಯ ಗೌಡರ ಮನೆತನದವರು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅದೇ ತಾಲ್ಲೂಕಿನ ಹಾಗಲವಾಡಿಯಲ್ಲಿ ನಾಯಕರು ಆಳಿದರು, ಹೈದರಾಲಿಯ ಕಾಲದವರೆಗೂ. ತುಮಕೂರಿನ ನೆತ್ತಿಯ ಮೇಲಿರುವ ದೇವರಾಯನದುರ್ಗಕ್ಕೆ ಮೊದಲು ಜಡಕನದುರ್ಗ ಎಂದು ಹೆಸರಿತ್ತು. ಜಡಕನೆಂಬ ಪಾಳೆಯಗಾರನಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರು ಅದನ್ನು ಕಿತ್ತುಕೊಂಡ ಮೇಲೆ ಬೆಟ್ಟದ ಹೆಸರೂ ಬದಲಾಯಿತು.

ಈ ಪಾಳೆಯಗಾರರ ಪಾಡು ನಾಟಕದ ರಾಜನ ಪಾಡಲ್ಲ. ಮೇಲೆ ಒಬ್ಬ ಚಕ್ರವರ್ತಿ ಇರುತ್ತಾನೆ, ಅವನಿಗೆ ಕಪ್ಪ ಕಳಿಸಬೇಕು, ಕರೆದಾಗ ಸೈನ್ಯ ಕೊಡಬೇಕು. ಕೆಳಗೆ ಒಕ್ಕಲು ಇರುತ್ತಾರೆ. ಅವರು ಹೊಲ ಬಿಟ್ಟು ಪಕ್ಕದ ಸೀಮೆಗೆ ಗುಳೆ ಹೋದರೆ ಕಪ್ಪವೂ ಇಲ್ಲ, ಸೈನ್ಯವೂ ಇಲ್ಲ. ಎಡಬಲದಲ್ಲಿ ಇವನ ಹಾಗೆಯೇ ಇರುವ ನೆರೆಯವರು, ಯಾವಾಗ ಇವನು ಮುಗ್ಗರಿಸುತ್ತಾನೆಂದು ಕಾಯುತ್ತಿರುವವರು. ನಾಲ್ಕೂ ಕಡೆಗೆ ಉತ್ತರ ಹೇಳಬೇಕಾದ ಈ ಇಕ್ಕಟ್ಟಿನಲ್ಲಿ ನಿಂತು ಕೆಂಪೇಗೌಡ ಏನು ಮಾಡಿದ ಎಂಬುದೇ ನನಗೆ ಕುತೂಹಲದ ವಿಷಯ. ಅವನ ಕತ್ತಿ ಎಷ್ಟು ಉದ್ದವಿತ್ತು ಎಂಬುದಲ್ಲ.

ಅವನ ಹಿರೀಕರು ಇಲ್ಲಿಯವರಲ್ಲ. ಕಂಚಿಯ ಸೀಮೆಯಲ್ಲಿದ್ದ ಒಕ್ಕಲು ಮನೆತನ ಅದು. ಅಲ್ಲಿನ ಬಲಾಢ್ಯನೊಬ್ಬ ಮನೆಯ ಹೆಣ್ಣುಮಗಳ ಮೇಲೆ ಕಣ್ಣು ಹಾಕಿದ. ಮಗಳನ್ನು ಅವನಿಗೆ ಒಪ್ಪಿಸಲು ಮನಸ್ಸಿಲ್ಲದೆ ಇಡೀ ಕುಟುಂಬ ಬಂಡಿ ಹೂಡಿಕೊಂಡು ರಾತ್ರೋರಾತ್ರಿ ಹೊರಟಿತು. ನಂದಿಬೆಟ್ಟದ ಬುಡಕ್ಕೆ ಬಂದು, ಆವತಿಯಲ್ಲಿ ನೆಲೆ ನಿಂತಿತು. ಮನೆತನದ ಐತಿಹ್ಯ ಹೇಳುವ ಕಥೆ ಇದು. ಆವತಿಯಿಂದ ಅವರ ಕವಲುಗಳು ದೇವನಹಳ್ಳಿ, ಚಿಕ್ಕಬಳ್ಳಾಪುರ, ಯಲಹಂಕಗಳಿಗೆ ಹರಡಿದವು. ನಮ್ಮ ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಲ್ಲೂ ಒಂದು ಕವಲು ಬೇರೂರಿತು. ಮನೆಮಾತು ತೆಲುಗು, ಆಳಿದ್ದು ಕನ್ನಡ ಸೀಮೆ. ಬೇರೆ ಕಡೆಯಿಂದ ಬಂದವರು ಎಂದು ಇವತ್ತು ಜನರನ್ನು ಬೆರಳು ಮಾಡಿ ತೋರಿಸುವವರು, ಬೆಂಗಳೂರು ಕಟ್ಟಿದವನ ಅಜ್ಜಂದಿರೂ ಬಂಡಿಯಲ್ಲಿ ಬಂದಿಳಿದವರೇ ಎಂಬುದನ್ನು ಒಮ್ಮೆ ನೆನೆಯಬಹುದು.

ಯಲಹಂಕದ ಕವಲಿನಲ್ಲಿ ಕೆಂಪನಂಜೇಗೌಡನ ಮಗನಾಗಿ ಹಿರಿಯ ಕೆಂಪೇಗೌಡ ಹುಟ್ಟಿದ್ದು 1510ರಲ್ಲಿ ಎಂದು ಎಣಿಕೆ. ವಿಜಯನಗರದ ಕೆಳಗೆ ಅವನು ನಾಡಪ್ರಭು. 1537ರಲ್ಲಿ ಬೆಂಗಳೂರಿನ ಮಣ್ಣಿನ ಕೋಟೆ, ಪೇಟೆಗಳನ್ನು ಕಟ್ಟಿಸಿದ. ಊರಿನ ಹೆಸರು ಅವನು ಇಟ್ಟದ್ದಲ್ಲ. ಬೇಗೂರಿನ ವೀರಗಲ್ಲಿನಲ್ಲಿ ಅದಕ್ಕಿಂತ ಆರು ನೂರಕ್ಕೂ ಹೆಚ್ಚು ವರ್ಷ ಮೊದಲೇ ‘ಬೆಂಗಳೂರು’ ಎಂಬ ಹೆಸರು ಇದೆ. ಮೊಲವೊಂದು ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋದದ್ದನ್ನು ಕಂಡು ‘ಇದು ಗಂಡುಭೂಮಿ’ ಎಂದು ಅಲ್ಲೇ ಊರು ಕಟ್ಟಿದನೆಂಬ ಕಥೆಯನ್ನು ಮಕ್ಕಳು ತುಂಬ ಇಷ್ಟಪಡುತ್ತಾರೆ. ಹಂಪಿಯ ಬಗ್ಗೆಯೂ ಇದೇ ಮೊಲದ ಕಥೆ ಉಂಟು. ಪಾಪ, ಆ ಮೊಲ ಎಷ್ಟು ಊರು ಸುತ್ತಿದೆಯೋ!

ಮೊಲಕ್ಕಿಂತ ಎತ್ತಿನ ಕಥೆ ನನಗೆ ಹಿಡಿಸುತ್ತದೆ. ಈಗಿನ ಚಿಕ್ಕಪೇಟೆ, ದೊಡ್ಡಪೇಟೆಗಳು ಕೂಡುವ ಜಾಗದಲ್ಲಿ ನಾಲ್ಕು ನೇಗಿಲು ಹೂಡಿಸಿ, ನಾಲ್ಕು ದಿಕ್ಕಿಗೆ ಗೆರೆ ಎಳೆಸಿ, ಅವೇ ಬೀದಿಗಳಾದವಂತೆ. ಹಲಸೂರು, ಸೊಂಡೆಕೊಪ್ಪ, ಯಲಹಂಕ, ಆನೇಕಲ್ಲಿನ ಕಡೆಗೆ ಬಾಗಿಲುಗಳು. ಇದೂ ಐತಿಹ್ಯವೇ. ಆದರೆ ಆ ಬೀದಿಗಳ ಹೆಸರು ಐತಿಹ್ಯವಲ್ಲ, ಇವತ್ತಿಗೂ ಬೋರ್ಡಿನ ಮೇಲಿವೆ. ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಓದುಗರು ಈ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು. ಅರಮನೆಯಲ್ಲಿ ಬೇಕಾದವರ ಪಟ್ಟಿ ಇದಲ್ಲ. ಅಡುಗೆಮನೆಯಲ್ಲಿ, ಹಟ್ಟಿಯಲ್ಲಿ, ಮದುವೆ ಮನೆಯಲ್ಲಿ ಬೇಕಾದವರ ಪಟ್ಟಿ. ಗಾಣದವನು ಬರಬೇಕು, ಕುಂಬಾರ ಬರಬೇಕು, ಬಂದವನು ನಾಳೆ ಎದ್ದು ಹೋಗದೆ ಮನೆ ಕಟ್ಟಬೇಕು. ಜನರನ್ನು ಹಿಡಿದು ತಂದು ಕೂಡಿಸಿದರೆ ಪೇಟೆ ಆಗುವುದಿಲ್ಲ. ನೀರು, ಕಾವಲು, ವ್ಯಾಪಾರ ಮೂರೂ ಇದ್ದರೆ ಅವರಾಗಿಯೇ ಬರುತ್ತಾರೆ.

ಹೊಳೆಯಿಲ್ಲದ ದಿಣ್ಣೆಯ ಮೇಲೆ ಊರು ಕಟ್ಟಿದ ಮೇಲೆ ನೀರಿಗೆ ಕೆರೆಯೇ ಗತಿ. ಕೆಂಪೇಗೌಡನೂ ಅವನ ನಂತರದವರೂ ಕೆರೆಗಳನ್ನು ತೋಡಿಸಿದರು. ಅವುಗಳಲ್ಲಿ ಧರ್ಮಾಂಬುಧಿಯ ಜಾಗದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಕುಣಿಗಲ್ ಡಿಪೋದ ಬಸ್ಸಿನಿಂದ ಇಳಿಯುವ ನಮ್ಮ ಹುಡುಗರು ಅವನದೇ ಹೆಸರಿನ ನಿಲ್ದಾಣದಲ್ಲಿ, ಅವನ ಕೆರೆಯ ತಳದಲ್ಲಿ ನಡೆದು ಹೋಗುತ್ತಾರೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಹೆಸರು ಉಳಿಸಿಕೊಂಡು ಕೆಲಸ ಮುಚ್ಚಿಹಾಕುವುದರಲ್ಲಿ ನಾವು ನಿಸ್ಸೀಮರು.

ಇಷ್ಟು ಹೊತ್ತಿಗೆ ಅವನ ಬಲ ಬೆಳೆದಿತ್ತು. ವಿಜಯನಗರದ ದೊರೆ ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ ಮುಂತಾದ ಹೋಬಳಿಗಳನ್ನು ಬಿಟ್ಟುಕೊಟ್ಟಿದ್ದ. ವರ್ಷಕ್ಕೆ 30,000 ವರಹದ ಹುಟ್ಟುವಳಿ ಎಂದು ಲೆಕ್ಕ. ಆಗ ಕೆಂಪೇಗೌಡ ಒಂದು ಕೆಲಸ ಮಾಡಿದ. ತನ್ನದೇ ನಾಣ್ಯ ಟಂಕಿಸಿದ. ನಾಣ್ಯ ಹೊಡೆಸುವುದೆಂದರೆ ಇವತ್ತಿನ ಮಾತಿನಲ್ಲಿ ಸ್ವಂತ ರಿಸರ್ವ್ ಬ್ಯಾಂಕ್ ತೆರೆದಂತೆ. ನೆರೆಯ ಪಾಳೆಯಗಾರ ದೂರು ಒಯ್ದ, ಚಕ್ರವರ್ತಿ ಕರೆಸಿ ಆನೆಗೊಂದಿಯ ಸೆರೆಮನೆಗೆ ಹಾಕಿದ, ಐದು ವರ್ಷ. ಸೀಮೆಯೆಲ್ಲ ಮುಟ್ಟುಗೋಲು. ಕೊನೆಗೆ ದಂಡ ತೆತ್ತು ಬಿಡುಗಡೆ ಆಯಿತು.

ಭಾಷಣಗಳಲ್ಲಿ ಈ ಐದು ವರ್ಷಗಳನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ನಾನು ತರಗತಿಯಲ್ಲಿ ಇಲ್ಲಿಯೇ ನಿಲ್ಲುತ್ತಿದ್ದೆ. ಊರು ಕಟ್ಟಿದವನು ಐದು ವರ್ಷ ಊರಲ್ಲಿಲ್ಲ, ಆಳುವ ಅಧಿಕಾರವೂ ಅವನದಲ್ಲ. ಹಾಗಿದ್ದೂ ಪೇಟೆ ಚದುರಿ ಹೋಗಲಿಲ್ಲ. ಹಿಂದಿರುಗಿ ಬಂದಾಗ ಬೆಂಗಳೂರು ಇತ್ತು. ಒಬ್ಬನ ಕೂಗಿಗೆ ಮಾತ್ರ ನಡೆಯುವ ಊರಾಗಿದ್ದರೆ ಆ ಐದು ವರ್ಷದಲ್ಲಿ ಎಕ್ಕ ಬೆಳೆದಿರುತ್ತಿತ್ತು. ಬಂದವನು ಮತ್ತೆ ಸೇಡು ತೀರಿಸಿಕೊಳ್ಳಲು ಹೊರಟ ಕಥೆಯೂ ಇಲ್ಲ. ಮತ್ತೆ ಕೆರೆ, ಗುಡಿ, ಕೋಟೆ ಎಂದು ಕೆಲಸ ಹಿಡಿದ. 1565ರಲ್ಲಿ ರಕ್ಕಸತಂಗಡಿಯ ಯುದ್ಧವಾಗಿ, ಅವನನ್ನು ಸೆರೆಗೆ ಹಾಕಿದ ಸಾಮ್ರಾಜ್ಯವೇ ನೆಲ ಕಚ್ಚಿತು. ಅರಳೆಪೇಟೆಯಲ್ಲಿ ಅರಳೆ ಮಾರುವುದು ನಿಲ್ಲಲಿಲ್ಲ.

ಆದರೆ ಅವನ ಕಥೆಯಲ್ಲಿ ನುಂಗಲಾಗದ ಒಂದು ತುತ್ತಿದೆ. ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಮಕ್ಕಳಿಗೆ ಹೇಳುವುದು ನನಗೆ ಒಪ್ಪಿಗೆಯಿಲ್ಲ.

ಕೋಟೆಯ ತೆಂಕಣ ಬಾಗಿಲು ಕಟ್ಟಿದ್ದು ಕಟ್ಟಿದ ಹಾಗೇ ಬೀಳುತ್ತಿತ್ತು, ಬಸುರಿ ಹೆಂಗಸಿನ ಬಲಿ ಕೊಟ್ಟರೆ ನಿಲ್ಲುತ್ತದೆ ಎಂದು ಯಾರೋ ನುಡಿದರು, ಕೆಂಪೇಗೌಡನ ಸೊಸೆ ಲಕ್ಷ್ಮಮ್ಮ ರಾತ್ರಿ ಯಾರಿಗೂ ಹೇಳದೆ ಹೋಗಿ ತನ್ನ ತಲೆಯನ್ನು ತಾನೇ ಕತ್ತರಿಸಿಕೊಂಡಳು, ಬಾಗಿಲು ನಿಂತಿತು. ಕೋರಮಂಗಲದಲ್ಲಿ ಅವಳ ಸಮಾಧಿಯೆಂದು ತೋರಿಸುವ ಜಾಗವಿದೆ. ಒಮ್ಮೆ ಗುಬ್ಬಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಈ ಕಥೆ ಹೇಳಿ ಮುಗಿಸಿದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

‘ಸಾರ್, ಮಗಳನ್ನ ಉಳಿಸೋಕೆ ಅಂತ ಊರು ಬಿಟ್ಟು ಬಂದ ಮನೆಯವರು, ಬಾಗಿಲು ಉಳಿಸೋಕೆ ಸೊಸೇನ ಬಿಟ್ಟರಾ?’

ತರಗತಿ ಸುಮ್ಮನಾಯಿತು. ಅಷ್ಟು ವರ್ಷ ಎರಡೂ ಕಥೆಗಳನ್ನು ಒಂದೇ ಪೀರಿಯಡ್ಡಿನಲ್ಲಿ ಹೇಳಿದವನು ನಾನು. ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವಳು ಅವಳು. ಇದು ಶಾಸನವಲ್ಲಮ್ಮ, ಐತಿಹ್ಯ ಎಂದೆ. ‘ಕೆರೆಗೆ ಹಾರ’ದಲ್ಲಿ ಕೆರೆಗೆ ನೀರು ಬರಲೆಂದು ಭಾಗೀರಥಿಯನ್ನು ಕೊಡುತ್ತಾರಲ್ಲ, ಅಲ್ಲೂ ಕಿರಿ ಸೊಸೆಯೇ ಎಂದು ನೆನಪಿಸಿದೆ. ‘ಹೌದು ಸಾರ್, ಯಾವಾಗಲೂ ಸೊಸೆಯೇ’ ಎಂದು ಕೂತಳು. ನಡೆಯಿತೋ ಇಲ್ಲವೋ, ನಾಲ್ಕು ಶತಮಾನ ಇದನ್ನು ತ್ಯಾಗವೆಂದು ಕೊಂಡಾಡಿಕೊಂಡು ಬಂದ ಜನ ನಾವು. ಆ ಪಾಲು ಕೆಂಪೇಗೌಡನ ತಲೆಗೆ ಕಟ್ಟಲಾಗದು, ನಮ್ಮದೇ.

ಇದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಸಂಗತಿಯಿದೆ. ಅವನ ಕುಲದಲ್ಲಿ ಬಂಡಿ ದೇವರ ಪೂಜೆಯ ಹೊತ್ತಿಗೆ ಹೆಂಗಸರ ಬೆರಳಿನ ತುದಿ ಕತ್ತರಿಸಿ ದೇವರಿಗೆ ಅರ್ಪಿಸುವ ಪದ್ಧತಿ ಇತ್ತು. ಅದನ್ನು ಕೆಂಪೇಗೌಡ ನಿಲ್ಲಿಸಿದನೆಂದು ಎಲ್ಲ ಪುಸ್ತಕಗಳಲ್ಲೂ ಇದೆ. ಪರರ ಮನೆಯ ಪದ್ಧತಿಯನ್ನು ಟೀಕಿಸುವುದು ಸುಲಭ, ತನ್ನ ಮನೆಯ ದೇವರ ಮುಂದೆ ನಿಂತು ಬೇಡ ಎನ್ನುವುದಕ್ಕೆ ಎದೆ ಬೇಕು. ಆದರೆ ಪುಸ್ತಕಗಳು ಅಲ್ಲಿಗೆ ನಿಲ್ಲುತ್ತವೆ. ಹತ್ತೊಂಬತ್ತನೇ ಶತಮಾನದಲ್ಲೂ ಆ ಪದ್ಧತಿ ಜೀವಂತವಾಗಿತ್ತು. ಆಮೇಲೆ ಸರ್ಕಾರವೇ ನಿಷೇಧಿಸಬೇಕಾಯಿತು. ಆಗ ಜನ ಒಂದು ಉಪಾಯ ಕಂಡುಕೊಂಡರು. ಬೆರಳಿಗೆ ಚಿನ್ನದ ಅಥವಾ ಬೆಳ್ಳಿಯ ಕುಪ್ಪಿಗೆಯಂಥದನ್ನು ತೊಡಿಸಿ, ಬೆರಳಿನ ಬದಲು ಅದನ್ನು ಎಳೆದು ತೆಗೆಯುವುದು. ದೊರೆಯ ಅಪ್ಪಣೆಗೆ ಜಗ್ಗದ್ದು ಮುನ್ನೂರು ವರ್ಷದ ನಂತರ ಒಂದು ಚೂರು ಚಿನ್ನಕ್ಕೆ ಜಗ್ಗಿತು. ಈ ಚಿನ್ನದ ಕುಪ್ಪಿಗೆಯನ್ನು ಯೋಚಿಸಿದ ಅಜ್ಜಿ ಯಾರೋ, ಅವಳ ಪ್ರತಿಮೆಯನ್ನು ಯಾರೂ ನಿಲ್ಲಿಸಲಿಲ್ಲ. ನಾಯಕತ್ವದ ಕಾಲಂ ನನ್ನ ಕೈಯಲ್ಲಿದ್ದರೆ ಅವಳಿಗೂ ಎ ಬರೆಯುತ್ತಿದ್ದೆ.

ಇನ್ನು ನಮ್ಮ ಕುಣಿಗಲ್ ಕಡೆಗೆ ಬರೋಣ. ತಾಲ್ಲೂಕಿನ ದಕ್ಷಿಣಕ್ಕೆ ಮದ್ದೂರಿನ ದಾರಿಯಲ್ಲಿ ಹುಲಿಯೂರುದುರ್ಗ, ಪೂರ್ವಕ್ಕೆ ಮಾಗಡಿಯ ಕಡೆಗೆ ಹುತ್ರಿದುರ್ಗ. ನಮ್ಮವರ ಬಾಯಲ್ಲಿ ಅದು ಉತ್ತರಿ ಬೆಟ್ಟ. ಎರಡರ ಮೇಲೂ ಇರುವ ಕೋಟೆಗಳು ಕೆಂಪೇಗೌಡನವು ಎಂದೇ ಪ್ರತೀತಿ. ಬೆಂಗಳೂರಿನ ಸುತ್ತ ಇರುವ ನವದುರ್ಗಗಳಲ್ಲಿ ಇವೂ ಸೇರಿವೆ, ನಮ್ಮ ದೇವರಾಯನದುರ್ಗವೂ ಸೇರಿದೆ. ಹುಲಿಯೂರುದುರ್ಗದ ಬಂಡೆ ದೂರದಿಂದ ಬೋರಲು ಹಾಕಿದ ಗಡಿಗೆಯ ಹಾಗೆ ಕಾಣುತ್ತದೆ. ಹುತ್ರಿದುರ್ಗದಲ್ಲಿ ಒಂದರ ಹಿಂದೆ ಒಂದು ಬಾಗಿಲು ದಾಟಿ ಏರಬೇಕು. ಮೇಲೆ ಶಂಕರೇಶ್ವರನ ಗುಡಿ. ಎತ್ತ ತಿರುಗಿದರೂ ಮೈಲಿಗಟ್ಟಲೆ ಹೊಲ, ಕೆರೆ, ದಾರಿ. ಪೇಟೆಯ ವ್ಯಾಪಾರಿ ನಿದ್ದೆ ಮಾಡಬೇಕಾದರೆ ಇಂಥ ಬೆಟ್ಟದ ಮೇಲೆ ಯಾರೋ ಎದ್ದಿರಬೇಕು ಎಂಬುದು ಅಲ್ಲಿ ನಿಂತರೆ ಹೇಳಿಕೊಡದೆಯೇ ತಿಳಿಯುತ್ತದೆ. ಪಠ್ಯಪುಸ್ತಕದ ಬೆಂಗಳೂರಿಗೆ ನಮ್ಮ ತಾಲ್ಲೂಕಿನ ಬೆಟ್ಟಗಳು ಬೇಲಿಯಾಗಿದ್ದವು. 1791ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸನ ದಂಡು ಈ ಎರಡೂ ದುರ್ಗಗಳನ್ನು ಹಿಡಿಯಿತು.

ಕುಣಿಗಲ್ಲಿಗೂ ಅವನಿಗೂ ಇರುವ ಇನ್ನೊಂದು ನಂಟು ಹೊರಬಿದ್ದದ್ದು 2015ರಲ್ಲಿ. ಮಾಗಡಿ ತಾಲ್ಲೂಕಿನ ಕೆಂಪಾಪುರವೆಂಬ ಹಳ್ಳಿಯ ಕೆರೆಯ ಬಳಿ ಒಂದು ಹಳೆಯ ಕಲ್ಲಿನ ಗೋಪುರವಿತ್ತು. ಹಳ್ಳಿಯವರಿಗೆ ಅದು ದಿನವೂ ಕಾಣುವ ಕಲ್ಲು. ಬೆಂಗಳೂರಿನ ಇತಿಹಾಸದ ಅಧ್ಯಾಪಕರೊಬ್ಬರು ಅದರ ಮೇಲಿನ ಬರಹವನ್ನು ಓದಿದರು. ಮಾಗಡಿಯ ಹಿರಿಯ ಕೆಂಪೇಗೌಡಯ್ಯ ಕುಣಿಗಲಿನಿಂದ ಹಿಂದಿರುಗಿ ಬರುವಾಗ ಜಗಳದಲ್ಲಿ ಐಕ್ಯವಾದ ಜಾಗ ಎಂಬ ಅರ್ಥದ ಕನ್ನಡ ಅಲ್ಲಿತ್ತು. ಪಟ್ಟಾಭಿಷೇಕದ ವರ್ಣನೆಯಿಲ್ಲ, ಬಿರುದುಗಳ ಸರಮಾಲೆಯಿಲ್ಲ. ಅವನು ತೀರಿಕೊಂಡದ್ದು 1569ರಲ್ಲಿ ಎಂಬ ಎಣಿಕೆ ಹಿಡಿದರೆ ಆಗ ವಯಸ್ಸು ಐವತ್ತೊಂಬತ್ತು. ನಮ್ಮ ಕಾಲದ ನೌಕರರು ನಿವೃತ್ತಿಯ ಕಾಗದ ಪತ್ರ ಜೋಡಿಸಿಕೊಳ್ಳುವ ವಯಸ್ಸಿನಲ್ಲಿ, ಅರಮನೆಯ ಹಾಸಿಗೆಯ ಮೇಲಲ್ಲ, ಕುಣಿಗಲ್ ಸೀಮೆಯಿಂದ ಬರುವ ದಾರಿಯಲ್ಲಿ ಸತ್ತ. ಈ ಬರಹದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅದನ್ನು ಕತ್ತರಿಸಿ ಶಾಲೆಯ ಗೋಡೆಗೆ ಅಂಟಿಸಿದೆ. ‘ನಮ್ಮ ಕುಣಿಗಲ್ಲಾ ಸಾರ್?’ ಎಂದು ಮಕ್ಕಳು ಮುಗಿಬಿದ್ದರು.

ಅವನ ನಂತರ ಮನೆತನ ಬಹಳ ಕಾಲ ಬೆಂಗಳೂರನ್ನು ಉಳಿಸಿಕೊಳ್ಳಲಾಗಲಿಲ್ಲ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನ ಊರನ್ನು ಗೆದ್ದ, ಮನೆತನ ಮಾಗಡಿಗೆ ಸರಿಯಿತು. 1728ರಲ್ಲಿ ಮೈಸೂರಿನವರು ಮಾಗಡಿ, ಸಾವನದುರ್ಗಗಳನ್ನೂ ತೆಗೆದುಕೊಂಡು ಕೊನೆಯ ಕೆಂಪೇಗೌಡನನ್ನು ಶ್ರೀರಂಗಪಟ್ಟಣದ ಸೆರೆಗೆ ಒಯ್ದರು. ಬಿಜಾಪುರದವರು, ಮರಾಠರು, ಮೊಗಲರು, ಒಡೆಯರು, ಹೈದರ್, ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಬಂದರು. ಬಂದವರೆಲ್ಲ ಅದೇ ಪೇಟೆಗಳಲ್ಲಿ ಅಕ್ಕಿ ಕೊಂಡರು.

ವಿಮಾನ ನಿಲ್ದಾಣದ ಪ್ರತಿಮೆ 2022ರ ನವೆಂಬರಿನಲ್ಲಿ ಅನಾವರಣವಾಯಿತು. ಅದರ ಕತ್ತಿಯೊಂದೇ ನಾಲ್ಕು ಟನ್ ತೂಗುತ್ತದಂತೆ. ಮಕ್ಕಳಿಗೆ ತೋರಿಸಲೇಬೇಕಾದ ಕೆಲಸವೇ ಅದು, ತಕರಾರಿಲ್ಲ. ಆದರೆ ತುಮಕೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ದಾಬಸ್‌ಪೇಟೆಯ ಹತ್ತಿರ ಶಿವಗಂಗೆ ಇದೆಯಲ್ಲ, ಅಲ್ಲಿನ ಗಂಗಾಧರೇಶ್ವರನ ಗುಡಿಯಲ್ಲಿ ಇನ್ನೊಂದು ಲೋಹದ ಪ್ರತಿಮೆ ಇದೆ. 1609ರದು ಎನ್ನುತ್ತಾರೆ, ಎಂದರೆ ಅವನನ್ನು ಕಣ್ಣಾರೆ ಕಂಡ ಮುದುಕರು ಒಬ್ಬಿಬ್ಬರಾದರೂ ಬದುಕಿದ್ದ ಕಾಲ. ಅಲ್ಲಿ ಅವನು ಕೈಮುಗಿದು ನಿಂತಿದ್ದಾನೆ. ಎರಡನ್ನೂ ನೋಡಿಬಂದ ಮಕ್ಕಳಿಗೆ ಯಾವುದು ಕೆಂಪೇಗೌಡ ಎಂದು ಕೇಳಿ, ಬಂದ ಉತ್ತರಗಳನ್ನು ತಿದ್ದದೆ ಬಿಡುವುದು ನನ್ನ ಪದ್ಧತಿ.

ದುರ್ಗಕ್ಕೆ ಹೊರಡುವವರಿಗೆ ಎರಡು ಮಾತು. ತುಮಕೂರಿನಿಂದ ಕುಣಿಗಲ್ಲಿಗೆ ಬಸ್ಸು ಬೇಕಾದಷ್ಟಿವೆ. ಅಲ್ಲಿಂದ ಮದ್ದೂರಿನ ಕಡೆಗೆ ಹೋಗುವ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಹುಲಿಯೂರುದುರ್ಗ. ಮೊದಲ ಸಲಕ್ಕೆ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಲೇಸು, ಬಂಡೆಯ ಮೇಲೆ ದಾರಿ ಕಾಣುವುದಿಲ್ಲ. ಮಳೆಗಾಲದಲ್ಲಿ ಮಕ್ಕಳನ್ನು ಹತ್ತಿಸಬೇಡಿ, ಪಾಚಿ ಜಾರುತ್ತದೆ. ಉಳಿದ ಕಾಲದಲ್ಲಿ ಬೆಳಿಗ್ಗೆ ಏಳಕ್ಕೇ ಹತ್ತಲು ಶುರುಮಾಡಬೇಕು. ಹತ್ತು ಗಂಟೆಗೆ ಬಂಡೆ ಕಾದು ಅಂಗಾಲು ಸುಡುತ್ತದೆ. ನೀರು, ಒಂದಿಷ್ಟು ಚಿತ್ರಾನ್ನ ಕಟ್ಟಿಕೊಂಡು ಹೋಗಿ. ಮೇಲೆ ಅಂಗಡಿಯಿಲ್ಲ.